ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ಹೋದ ಯುಗಾದಿ ರಜೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. "ಮಾವ, ಗೇಮ್ ಓಪನ್ ಮಾಡಿದ ತಕ್ಷಣ ಕಂಪ್ಯೂಟರ್ ಆಫ್ ಆಗ್ತಿದೆ. ಕಾರ್ಡೇ ಹೋಗಿದೆ ಅನ್ಸುತ್ತೆ." ಬೆಳಗ್ಗೆ ತುಮಕೂರಿಂದ ರೈಲು ಹತ್ತಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೊಂಡು, ಸಂಜೆ ರೈಲಿಗೆ ವಾಪಸ್ ಬಂದಿದ್ದ. ಕಾರ್ಡನ್ನು ತಾನೇ ಹಾಕಿದ್ದ. ವಿಂಡೋಸ್ ಬರುತ್ತಿತ್ತು, ಯೂಟ್ಯೂಬ್ ಓಡುತ್ತಿತ್ತು. ಗೇಮ್ ಲೋಡ್ ಆಗಿ ಮೊದಲ ಸೀನ್ ಬಂತು ಅನ್ನುವಷ್ಟರಲ್ಲಿ ಟಪ್ ಅಂತ ಎಲ್ಲ ಆಫ್.

ಎಸ್‌ಎಸ್ ಪುರಂನ ಅವರ ಮನೆಗೆ ಹೋಗಿ ಕ್ಯಾಬಿನೆಟ್ ಬಿಚ್ಚಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 500 ಅಂತಿತ್ತು. "ಕಾರ್ಡ್‌ಗೆ 170 ವ್ಯಾಟ್ ಸಾಕು ಅಂತ ನೋಡಿಕೊಂಡೇ ತಂದೆ ಮಾವ. ಇದು 500. ಇನ್ನೇನು ಬೇಕು?" ಅವನ ಕೂಡುವ ಲೆಕ್ಕ ಸರಿಯಿತ್ತು. ಆದರೆ ಆ 500ರ ಪಕ್ಕದಲ್ಲಿ ವ್ಯಾಟ್ ಅನ್ನುವ ಪದವೇ ಇರಲಿಲ್ಲ. ಅದು ಮಾಡೆಲ್ ಹೆಸರು!

ನಿಜವಾದ ಸಂಖ್ಯೆ ಅದೇ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಹುಡುಕಿ, ಹೊಸ ಕಾರ್ಡಿನ ಅಗತ್ಯದ ಪಕ್ಕದಲ್ಲಿಟ್ಟು ನೋಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಒಂದು ಸ್ಟಾರ್ ಸ್ಕ್ರೂ ಡ್ರೈವರ್, ಫೋನಿನ ಟಾರ್ಚ್, ಪೆನ್ನು, ಕಾಗದ ಇದ್ದರೆ ಸಾಕು. ದುಡ್ಡು ಕೊಡುವ ಮೊದಲೇ ಮಾಡಬೇಕಾದ ಕೆಲಸ ಇದು.

ಕ್ಯಾಬಿನೆಟ್ ಬಿಚ್ಚಿ

ಪ್ರೊಸೆಸರ್ ಯಾವುದು, ರ್ಯಾಮ್ ಎಷ್ಟು ಅಂತ ವಿಂಡೋಸ್ ಹೇಳುತ್ತದೆ. ಎಸ್‌ಎಂಪಿಎಸ್ ಎಷ್ಟರದ್ದು ಅಂತ ಹೇಳುವುದಿಲ್ಲ. ಮಾಮೂಲಿ ಎಸ್‌ಎಂಪಿಎಸ್ ತನ್ನ ಬಗ್ಗೆ ಮದರ್‌ಬೋರ್ಡಿಗೆ ಏನೂ ತಿಳಿಸುವುದಿಲ್ಲ. ಕರೆಂಟ್ ಕೊಡುತ್ತದೆ, ಅಷ್ಟೇ. ಹಾಗಾಗಿ ಇದಕ್ಕೊಂದು ಸಾಫ್ಟ್‌ವೇರ್ ಇದೆಯಾ ಅಂತ ಹುಡುಕುತ್ತಾ ಕೂರಬೇಡಿ. ಕಣ್ಣಲ್ಲೇ ನೋಡಬೇಕು.

ಕಂಪ್ಯೂಟರ್ ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ, ಒಳಗೆ ಉಳಿದ ಚೂರುಪಾರು ಚಾರ್ಜ್ ಹೋಗಲಿ. ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಎದುರಿನಿಂದ ನೋಡಿದರೆ ಎಡಗಡೆಯ ಬಾಗಿಲು ತೆಗೆಯಬೇಕು. ಪವರ್ ಕೇಬಲ್ ಬಂದು ಸೇರುವ ಕಬ್ಬಿಣದ ಡಬ್ಬಿಯೇ ಎಸ್‌ಎಂಪಿಎಸ್. ಹಳೆಯ ಕ್ಯಾಬಿನೆಟ್‌ಗಳಲ್ಲಿ ಮೇಲೆ, ಹೊಸದರಲ್ಲಿ ಕೆಳಗೆ ಇರುತ್ತದೆ. ಲೇಬಲ್ ಕೆಲವು ಸಲ ಆ ಕಡೆಗೆ ತಿರುಗಿರುತ್ತದೆ. ಆಗ ಇನ್ನೊಂದು ಬಾಗಿಲು ತೆಗೆಯಿರಿ, ಇಲ್ಲವೇ ಸಂದಿಯಲ್ಲಿ ಫೋನ್ ತೂರಿಸಿ ಫೋಟೋ ತೆಗೆಯಿರಿ. ಅದೂ ಆಗದಿದ್ದರೆ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಸ್ವಲ್ಪ ಈಚೆಗೆ ಎಳೆದು ನೋಡಿ.

ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಇರುತ್ತದೆ. ಧೂಳು ತೆಗೆಯಬೇಕೆಂದರೆ ಜಾಲರಿಯ ಹೊರಗಿನಿಂದಲೇ ಊದಿಸಿ.

ಲೇಬಲ್ ಓದುವುದು

ಲೇಬಲ್ ಮೇಲೆ ಒಂದು ಚಿಕ್ಕ ಪಟ್ಟಿ ಇರುತ್ತದೆ. ಮೇಲಿನ ಸಾಲಿನಲ್ಲಿ +3.3, +5, +12, −12 ಎಂದು ವೋಲ್ಟ್‌ಗಳು. ಕೆಳಗೆ ಒಂದೊಂದಕ್ಕೂ ಎಷ್ಟು ಆಂಪಿಯರ್ ಅಂತ ಬರೆದಿರುತ್ತಾರೆ. ನಮಗೆ ಬೇಕಾಗಿರುವುದು +12 ಒಂದೇ.

ಕಾರಣ ಇದೆ. ಒಂದು ಕಾಲದಲ್ಲಿ ಪ್ರೊಸೆಸರ್‌ಗಳು 5 ವೋಲ್ಟ್ ಲೈನಿಂದ ಜಾಸ್ತಿ ಕರೆಂಟ್ ತೆಗೆದುಕೊಳ್ಳುತ್ತಿದ್ದವು. 2000ರಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರ್‌ಗೆಂದೇ ಬೇರೆ 12 ವೋಲ್ಟ್ ಕೇಬಲ್ ಬಂತು. ಇವತ್ತು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುತೇಕ 12 ವೋಲ್ಟ್ ಲೈನನ್ನೇ ನಂಬಿಕೊಂಡಿವೆ. 3.3 ಮತ್ತು 5 ವೋಲ್ಟ್ ಲೈನ್‌ಗಳಲ್ಲಿ ಎಷ್ಟೇ ಉಳಿದಿದ್ದರೂ ಅದನ್ನು ಆ ಕಡೆಯಿಂದ ಈ ಕಡೆಗೆ ಸಾಲ ತರಲು ಆಗುವುದಿಲ್ಲ.

ಲೆಕ್ಕ ಸುಲಭ. +12ರ ಕೆಳಗಿನ ಆಂಪಿಯರನ್ನು 12ರಿಂದ ಗುಣಿಸಿ, ವ್ಯಾಟ್ ಬರುತ್ತದೆ. ಅಕ್ಕನ ಮಗನ ಎಸ್‌ಎಂಪಿಎಸ್‌ನಲ್ಲಿ +12ರ ಕೆಳಗೆ 16 ಆಂಪಿಯರ್ ಇತ್ತು. 16 ಗುಣಿಸು 12, ಅಂದರೆ 192 ವ್ಯಾಟ್. ಪ್ರೊಸೆಸರ್, ಫ್ಯಾನ್, ಕಾರ್ಡ್ ಎಲ್ಲ ಸೇರಿ ಇಷ್ಟರಲ್ಲೇ ಸಂಸಾರ ಮಾಡಬೇಕು. ಕಾರ್ಡ್ ಒಂದೇ 170 ಕೇಳುತ್ತದೆ. ಅವನ ಮುಖ ನೋಡಬೇಕಿತ್ತು.

ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಹಾಗಂತ ರಾತ್ರಿ ಎಂಟು ಗಂಟೆಗೆ ಹೋಗಿ 2,050 ಕೊಡಿ ಎಂದರೆ? ದಪ್ಪ ಅಕ್ಷರದ ಸಂಖ್ಯೆ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಒಟ್ಟು ವ್ಯಾಟ್ ಮತ್ತು 12 ವೋಲ್ಟಿನ ವ್ಯಾಟ್ ಹೆಚ್ಚುಕಮ್ಮಿ ಒಂದೇ ಇರುತ್ತವೆ. 550 ವ್ಯಾಟಿನ ಒಂದು ಮರ್ಯಾದಸ್ಥ ಎಸ್‌ಎಂಪಿಎಸ್‌ನಲ್ಲಿ +12ರ ಕೆಳಗೆ 45 ಆಂಪಿಯರ್ ಆಸುಪಾಸು ಕಾಣುತ್ತದೆ, ಅಂದರೆ 540 ವ್ಯಾಟ್. ಒಟ್ಟು ಸಂಖ್ಯೆಗೆ ಹೋಲಿಸಿದರೆ 12 ವೋಲ್ಟಿನ ವ್ಯಾಟ್ ಮುಕ್ಕಾಲು ಭಾಗವೂ ಇಲ್ಲ ಅಂದರೆ ಅದು ಹಳೇ ಕಾಲದ ಡಿಸೈನ್, ಅಥವಾ ಅಗ್ಗದ ಮಾಲು. ಆಂಪಿಯರ್ ಪಟ್ಟಿಯೇ ಇಲ್ಲದ ಲೇಬಲ್ ಕೂಡ ನೋಡಿದ್ದೇನೆ. ಅಂಥದ್ದಕ್ಕೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸುವ ಯೋಚನೆಯನ್ನೇ ಬಿಡಿ.

ಕೆಲವು ಲೇಬಲ್‌ಗಳಲ್ಲಿ 12ವಿ1, 12ವಿ2 ಎಂದು ಎರಡು ಕಾಲಂ ಇರುತ್ತವೆ. ಎರಡರಲ್ಲೂ 18 ಆಂಪಿಯರ್ ಇದ್ದರೆ ಒಟ್ಟು 36 ಅಂತ ಕೂಡಿಬಿಡಬೇಡಿ. ಎರಡೂ ಸೇರಿ ಗರಿಷ್ಠ ಇಷ್ಟು ವ್ಯಾಟ್ ಎಂದು ಕೆಳಗೆ ಬೇರೆ ಬರೆದಿರುತ್ತಾರೆ. ಅಲ್ಲಿ 336 ಎಂದಿದ್ದರೆ ಸಿಗುವುದು 28 ಆಂಪಿಯರ್ ಮಾತ್ರ.

ಕಾರ್ಡಿನ ಹಸಿವು ಎಷ್ಟು?

ಕಾರ್ಡ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಲ್ಲಿ ಎರಡು ಸಂಖ್ಯೆ ಸಿಗುತ್ತವೆ. ಒಂದು ಕಾರ್ಡ್ ತಾನೇ ಎಳೆಯುವ ವ್ಯಾಟ್. ಇನ್ನೊಂದು ಇಡೀ ಕಂಪ್ಯೂಟರಿಗೆ ಬೇಕೆಂದು ಅವರು ಹೇಳುವ ಎಸ್‌ಎಂಪಿಎಸ್. ಎರಡನ್ನೂ ಬರೆದುಕೊಳ್ಳಿ.

ನಮ್ಮ ಕಡೆ ಜಾಸ್ತಿ ಓಡುವ ಕಾರ್ಡ್‌ಗಳನ್ನೇ ತೆಗೆದುಕೊಳ್ಳೋಣ. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್, 300ರ ಎಸ್‌ಎಂಪಿಎಸ್ ಸಾಕು ಎನ್ನುತ್ತಾರೆ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್, 450ರದ್ದು ಬೇಕು. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್, 550ರದ್ದು. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, ಅದಕ್ಕೂ 550 ಎನ್ನುತ್ತಾರೆ. ಆರ್‌ಟಿಎಕ್ಸ್ 4070 ಆದರೆ 200 ವ್ಯಾಟ್, 650ರದ್ದು. ಹೊಸ ಕಾರ್ಡ್ ಅಂದರೆ ಜಾಸ್ತಿ ಕರೆಂಟ್ ಅಂತ ಲೆಕ್ಕ ಹಾಕುವ ಹಾಗಿಲ್ಲ, ನೋಡಿ. 3060ಕ್ಕಿಂತ 4060 ಚುರುಕು, ಆದರೂ 55 ವ್ಯಾಟ್ ಕಡಿಮೆ ತಿನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಲು ದುಡ್ಡಿಲ್ಲದವರು ಮೊದಲು ಈ ದಾರಿ ಯೋಚಿಸಬೇಕು.

ಇವು ಮೂಲ ಡಿಸೈನಿನ ಸಂಖ್ಯೆಗಳು. ದೊಡ್ಡ ಫ್ಯಾನು, ಹೆಚ್ಚಿನ ಸ್ಪೀಡಿನ ಮಾಡೆಲ್‌ಗಳು ಇದಕ್ಕಿಂತ ಸ್ವಲ್ಪ ಜಾಸ್ತಿ ಎಳೆಯಬಹುದು. ನೀವು ಕೊಳ್ಳುವ ಮಾಡೆಲಿನ ಹೆಸರನ್ನೇ ಹಾಕಿ ನೋಡಿ.

115 ವ್ಯಾಟಿನ ಕಾರ್ಡಿಗೆ 550 ಯಾಕೆ ಕೇಳುತ್ತಾರೆ? ನಿಮ್ಮ ಪ್ರೊಸೆಸರ್ ಯಾವುದು, ಎಸ್‌ಎಂಪಿಎಸ್ ಎಂಥದ್ದು ಅಂತ ಅವರಿಗೆ ಗೊತ್ತಿಲ್ಲ. ಅದಕ್ಕೇ ಒಂದು ಕೈ ಜಾಸ್ತಿಯೇ ಹೇಳುತ್ತಾರೆ. ಲೇಬಲ್ ಓದಲು ಬಂದವರಿಗೆ ಆ ಸಂಖ್ಯೆಗಿಂತ ಸ್ವಂತ ಲೆಕ್ಕವೇ ವಾಸಿ.

ಈಗ ಕೂಡಿ

ಅಕ್ಕನ ಮಗನ ಮೆಷಿನನ್ನೇ ಇಟ್ಟುಕೊಳ್ಳೋಣ. ಪ್ರೊಸೆಸರ್ ಐ5-12400ಎಫ್. ಡಬ್ಬದ ಮೇಲೆ 65 ವ್ಯಾಟ್ ಅಂತಿದೆ, ಆದರೆ ಜೋರಾಗಿ ಓಡುವಾಗಿನ ಗರಿಷ್ಠ 117 ಎಂದು ಇಂಟೆಲ್ ಹೇಳುತ್ತದೆ. ಯಾವಾಗಲೂ ಈ ದೊಡ್ಡ ಸಂಖ್ಯೆಯನ್ನೇ ಹಿಡಿಯಿರಿ. ಮದರ್‌ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ, ಒಂದು ಹಳೇ ಹಾರ್ಡ್ ಡಿಸ್ಕ್, ಫ್ಯಾನ್‌ಗಳು ಎಲ್ಲಕ್ಕೂ ಸೇರಿ ನಾನು ಕಣ್ಣು ಮುಚ್ಚಿ 50 ಹಾಕುತ್ತೇನೆ. ಕಾರ್ಡಿಗೆ 170.

117, 50, 170. ಒಟ್ಟು 337 ವ್ಯಾಟ್. 12ರಿಂದ ಭಾಗಿಸಿದರೆ 28 ಆಂಪಿಯರ್. ಇದ್ದದ್ದು 16.

28 ಬೇಕು ಅಂತ ಸರಿಯಾಗಿ 28 ಇರುವುದನ್ನೇ ತಂದರೂ ಸಾಲದು. ತೋಟದ ಬೋರ್‌ವೆಲ್ ಮೋಟರ್ ಸ್ಟಾರ್ಟ್ ಮಾಡುವಾಗ ಮನೆಯ ಬಲ್ಬ್ ಒಂದು ಸಲ ಮಂಕಾಗುವುದನ್ನು ಗುಬ್ಬಿ, ತಿಪಟೂರು ಕಡೆಯವರು ದಿನಾ ನೋಡಿರುತ್ತೀರಿ. ಮೋಟರ್ ಓಡುವಾಗ ಎಳೆಯುವುದು ಒಂದಾದರೆ, ಏಳುವ ಕ್ಷಣಕ್ಕೆ ಎಳೆಯುವುದು ಅದರ ಹಲವು ಪಟ್ಟು. ಗ್ರಾಫಿಕ್ಸ್ ಕಾರ್ಡೂ ಹಾಗೇ ಆಡುತ್ತದೆ. ಅದೂ ಸ್ಟಾರ್ಟ್ ಆಗುವಾಗ ಒಂದೇ ಸಲವಲ್ಲ, ಗೇಮ್ ಓಡುವಷ್ಟು ಹೊತ್ತೂ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ತನ್ನ ವ್ಯಾಟನ್ನು ದಾಟಿ ಜಿಗಿದು ಮತ್ತೆ ಇಳಿಯುತ್ತದೆ. ಆರ್‌ಟಿಎಕ್ಸ್ 3000 ಸಾಲಿನ ದೊಡ್ಡ ಕಾರ್ಡ್‌ಗಳಲ್ಲಿ ಈ ಜಿಗಿತ ಜಾಸ್ತಿಯಾಗಿ, ಒಳ್ಳೆಯ ಎಸ್‌ಎಂಪಿಎಸ್‌ಗಳೂ ಆಫ್ ಆದದ್ದುಂಟು. 2022ರಲ್ಲಿ ಬಂದ, ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ 3.0 ನಿಯಮದಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಸೇರಿಸಿದರು. ದೊಡ್ಡ ಎಸ್‌ಎಂಪಿಎಸ್‌ಗಳು ಬರೆದ ವ್ಯಾಟಿನ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು.

ಹಾಗಾಗಿ ಬಂದ ಒಟ್ಟನ್ನು 0.7ರಿಂದ ಭಾಗಿಸಿ. 337 ಭಾಗಿಸು 0.7, ಸುಮಾರು 480. 12 ವೋಲ್ಟ್ ಲೈನಿನಲ್ಲಿ ಇಷ್ಟು ಸಿಗುವ ಎಸ್‌ಎಂಪಿಎಸ್ ಬೇಕು. ಅಂಗಡಿಯಲ್ಲಿ ಅದು 550ರದ್ದು. ನಿಮ್ಮ ಹಳೇ ಎಸ್‌ಎಂಪಿಎಸ್ ಈ ಲೆಕ್ಕ ದಾಟಿತಾ? ಅರ್ಧ ಕೆಲಸ ಮುಗಿಯಿತು. ಒಟ್ಟಿಗೂ ಈ ಸಂಖ್ಯೆಗೂ ನಡುವೆ ಎಲ್ಲೋ ನಿಂತಿದ್ದರೆ, ಡಬ್ಬಿ ಒಳ್ಳೆ ಕಂಪನಿಯದಾಗಿ ವಾರಂಟಿ ಇನ್ನೂ ಇದ್ದರೆ ಮಾತ್ರ ನಾನು ಕಾರ್ಡ್ ಹಾಕಿ ನೋಡುತ್ತೇನೆ. ಒಟ್ಟಿಗಿಂತಲೂ ಕಡಿಮೆ ಇದ್ದರೆ ಮಾತೇ ಇಲ್ಲ.

ಕೇಬಲ್ ಇದೆಯಾ?

ವ್ಯಾಟ್ ಇದ್ದೂ ಕೇಬಲ್ ಇಲ್ಲದೆ ಸಿಕ್ಕಿಬಿದ್ದವರು ಬಹಳ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ಕೊಡಬಲ್ಲದು. 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150. ಹೊಸ ದೊಡ್ಡ ಕಾರ್ಡ್‌ಗಳ 16 ಪಿನ್ನಿನ ಕನೆಕ್ಟರ್ 600 ವ್ಯಾಟ್ ತನಕ ಒಯ್ಯುತ್ತದೆ. ಜಿಟಿಎಕ್ಸ್ 1650ರ ಹಲವು ಮಾಡೆಲ್‌ಗಳಿಗೆ ಸ್ಲಾಟಿನ ಕರೆಂಟೇ ಸಾಕು, ಕೇಬಲ್ಲೇ ಬೇಡ.

ನೀವು ಕೊಳ್ಳುವ ಕಾರ್ಡಿನ ಫೋಟೋದಲ್ಲಿ ಎಷ್ಟು ಪಿನ್ ಇದೆ ಎಣಿಸಿ. ಆಮೇಲೆ ಎಸ್‌ಎಂಪಿಎಸ್‌ನಿಂದ ಬರುವ ಕೇಬಲ್‌ಗಳಲ್ಲಿ ಅಂಥದ್ದು ಹುಡುಕಿ. 6 ಪಿನ್ನಿನ ತುಂಡು, ಅದರ ಪಕ್ಕದಲ್ಲಿ ಸೇರಿಕೊಳ್ಳುವ 2 ಪಿನ್ನಿನ ತುಂಡು, ಇದು ಕಾರ್ಡಿನದು. 4 ಮತ್ತು 4 ಸೇರುವುದು ಪ್ರೊಸೆಸರಿನದು. ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಒಂದರಲ್ಲಿ 12 ವೋಲ್ಟ್ ಇರುವ ಕಡೆ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ಸುಮ್ನೆ ಕೂರುತ್ತಿಲ್ಲ ಅಂದರೆ ಬಲ ಹಾಕಬೇಡಿ. ಕೂರದಿರುವುದು ನಿಮ್ಮ ಒಳ್ಳೆಯದಕ್ಕೇ.

ಕೇಬಲ್ ಇಲ್ಲದಿದ್ದರೆ ಅಂಗಡಿಯವರು ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರಿನಿಂದ 6 ಅಥವಾ 8 ಪಿನ್ನಿಗೆ ಹೋಗುವ ಕನ್ವರ್ಟರ್ ಕೊಡುತ್ತಾರೆ, ಅಗ್ಗಕ್ಕೆ ಸಿಗುತ್ತದೆ. ತರಬೇಡಿ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ಕಾರ್ಡಿನ ಕೇಬಲ್ಲೇ ಇಲ್ಲ ಅಂದರೆ ಅದನ್ನು ಮಾಡಿದವರೇ ಅದರ ಮೇಲೆ ಕಾರ್ಡಿನ ಭಾರ ಹಾಕಲು ಧೈರ್ಯ ಮಾಡಿಲ್ಲ ಅಂತ ಅರ್ಥ.

ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಇನ್ನೊಂದು ಎಚ್ಚರ. ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಕಾರ್ಡಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿ ಹಾಗಲ್ಲ. ಕೂತರೂ ತಪ್ಪು ವೋಲ್ಟ್ ಹೋಗಿ ಕಾರ್ಡೋ ಹಾರ್ಡ್ ಡಿಸ್ಕೋ ಸುಟ್ಟುಹೋಗುತ್ತದೆ. ಗೆಳೆಯನ ಹತ್ತಿರ ಒಂದು ಕೇಬಲ್ ಜಾಸ್ತಿ ಇದೆ ಅಂತ ತಂದು ಹಾಕಬೇಡಿ. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲಿನ ಎರಡು ತುದಿ ಸಿಕ್ಕಿಸುವುದಕ್ಕಿಂತ ಅದು ಮೇಲು.

ಆಫೀಸಿನ ಹಳೇ ಡೆಸ್ಕ್‌ಟಾಪ್ ತಂದಿದ್ದರೆ

ಬೆಂಗಳೂರಿನ ಕಂಪನಿಗಳಿಂದ ಹೊರಬಿದ್ದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಓದುವ ಮಕ್ಕಳಿರುವ ಮನೆಗೆ ಒಳ್ಳೆಯ ವ್ಯಾಪಾರವೇ. ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಬಂದರೆ ಮಾತ್ರ ತಕರಾರು. ಇವುಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ 200ರಿಂದ 300 ವ್ಯಾಟ್ ಒಳಗೆ. ಗುಣಮಟ್ಟ ಚೆನ್ನಾಗಿರುತ್ತದೆ, ಬರೆದಷ್ಟನ್ನು ಕೊಡುತ್ತವೆ. ಆದರೆ ಕಾರ್ಡಿನ ಕೇಬಲ್ ಇರುವುದಿಲ್ಲ. ಬದಲಿಸೋಣ ಅಂದರೆ ಹಲವು ಮಾಡೆಲ್‌ಗಳಲ್ಲಿ ಮದರ್‌ಬೋರ್ಡಿನ ಪವರ್ ಕನೆಕ್ಟರ್ ಮಾಮೂಲಿ 24 ಪಿನ್ನಿನದಲ್ಲ, ಡಬ್ಬಿಯ ಅಳತೆಯೂ ಬೇರೆ. ಇಂಥದ್ದಕ್ಕೆ 75 ವ್ಯಾಟಿನೊಳಗಿನ, ಕೇಬಲ್ ಬೇಡದ ಕಾರ್ಡೇ ಸರಿ. 53 ವ್ಯಾಟಿನ ಆರ್‌ಎಕ್ಸ್ 6400, 70 ವ್ಯಾಟಿನ 6 ಜಿಬಿ ಆರ್‌ಟಿಎಕ್ಸ್ 3050 ಈ ಸಾಲಿನವು. ಸಣ್ಣ ಕ್ಯಾಬಿನೆಟ್ ಆದರೆ ಗಿಡ್ಡ ಕಾರ್ಡ್ ಕೇಳಿ.

ವಯಸ್ಸು, ಮತ್ತು ಹೊಸದು ಕೊಳ್ಳುವುದಾದರೆ

ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ನಿಧಾನವಾಗಿ ಒಣಗುತ್ತವೆ. ಏಳೆಂಟು ವರ್ಷದ ಡಬ್ಬಿ ಹೊಸದಿದ್ದಾಗಿನ ಭಾರವನ್ನು ಹೊರುತ್ತದೆ ಅಂತ ನಾನು ನಂಬುವುದಿಲ್ಲ. ಫ್ಯಾನ್ ಕೀಚ್ ಅನ್ನುತ್ತಿದ್ದರೆ, ಬಿಸಿ ಗಾಳಿಯ ಜೊತೆ ವಾಸನೆ ಬರುತ್ತಿದ್ದರೆ ಲೆಕ್ಕವೇ ಬೇಡ, ಬದಲಿಸಿ.

ಹೊಸದು ಕೊಳ್ಳುವಾಗ 80 ಪ್ಲಸ್ ಸ್ಟಿಕ್ಕರ್ ತೋರಿಸುತ್ತಾರೆ. ಬ್ರಾಂಜ್, ಗೋಲ್ಡ್ ಅನ್ನುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗದೆ ಒಳಗೆ ತಲುಪುತ್ತದೆ ಅನ್ನುವುದರ ಅಳತೆ. ಅರ್ಧ ಲೋಡಿನಲ್ಲಿ ಬ್ರಾಂಜ್ 85 ಶೇಕಡಾ, ಗೋಲ್ಡ್ 90. ಸ್ಟಿಕ್ಕರ್ ಇದೆ ಅಂದಮೇಲೆ ತೀರಾ ಕಳಪೆ ಇರಲಿಕ್ಕಿಲ್ಲ ಅಂತ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಅರ್ಥ ಹುಡುಕಬೇಡಿ. ನಾನು ಮೊದಲು ನೋಡುವುದು ವಾರಂಟಿ. ಐದು ವರ್ಷ ಮೇಲ್ಪಟ್ಟು ಕೊಟ್ಟಿದ್ದಾರೆ ಅಂದರೆ ಒಳಗೆ ಏನೋ ಇದೆ. ಎಂ.ಜಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್ ತರಿಸಿದರೂ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಸರಿ, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ.

ಯುಪಿಎಸ್ ಮರೆಯಬೇಡಿ

ನಮ್ಮೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ ಯುಪಿಎಸ್. ಹಿಂದಿನ ಲೇಬಲ್ ನೋಡಿ, 360 ವ್ಯಾಟ್ ಅಂತಿರುತ್ತದೆ. ಮೇಲಿನ ಮೆಷಿನ್ ಪೂರ್ತಿ ಓಡಿದರೆ 337 ವ್ಯಾಟ್. 85 ಶೇಕಡಾ ಲೆಕ್ಕದಲ್ಲಿ ಅದು ಗೋಡೆಯಿಂದ ಎಳೆಯುವುದು ಸುಮಾರು 396. ಮೇಲೆ ಮಾನಿಟರ್. ಕರೆಂಟ್ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಗೇಮ್ ಮಧ್ಯೆ ಕರೆಂಟ್ ಹೋಯಿತೋ, ಯುಪಿಎಸ್ ಒಮ್ಮೆ ಚೀರಿ ಆಫ್ ಆಗುತ್ತದೆ. ಜನ ಆಗಲೂ ಕಾರ್ಡನ್ನೇ ಬೈಯುತ್ತಾರೆ. 600 ವ್ಯಾಟ್ ಎಂದು ಬರೆದಿರುವ 1 ಕೆವಿಎ ಯುಪಿಎಸ್ ಬೇಕಾಗುತ್ತದೆ.

ಪ್ಲಗ್ ಪಾಯಿಂಟಿನ ಚಿಂತೆ ಬೇಡ. 450 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ 2 ಆಂಪಿಯರ್ ಅಷ್ಟೇ, 6 ಆಂಪಿಯರ್ ಸಾಕೆಟ್ ಧಾರಾಳ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಮಾತ್ರ ಅರ್ಥಿಂಗ್ ಇಲ್ಲ ಅಂತ ಲೆಕ್ಕ. ಕಾರ್ಡ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಹಾಕಿದ ಮೇಲೆ ಪರೀಕ್ಷೆ

ವೋಲ್ಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂ ಹಾಕಿ 12 ವೋಲ್ಟ್ ಸಾಲನ್ನು ತೆರೆದಿಡಿ. ಒಸಿಸಿಟಿ ಎಂಬ ಪ್ರೋಗ್ರಾಂನಲ್ಲಿ ಪವರ್ ಪರೀಕ್ಷೆ ಇದೆ, ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೆ ದುಡಿಸುತ್ತದೆ. ಮೊದಲು ಐದು ನಿಮಿಷ ಓಡಿಸಿ, ಆಮೇಲೆ ಅರ್ಧ ಗಂಟೆ. ನಿಯಮದ ಪ್ರಕಾರ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗಿರಬೇಕು. ಸಾಫ್ಟ್‌ವೇರ್ ತೋರಿಸುವ ವೋಲ್ಟ್ ಕೆಲವು ಸಲ ಸುಳ್ಳು. ಅನುಮಾನ ಬಂದರೆ 4 ಪಿನ್ನಿನ ಹಳೇ ಕನೆಕ್ಟರಿನ ಹಳದಿ ಮತ್ತು ಕಪ್ಪು ವೈರಿಗೆ ಮಲ್ಟಿಮೀಟರ್ ಹಿಡಿಯಿರಿ. ಒಂದೇ ಕಡ್ಡಿ ಎರಡಕ್ಕೂ ತಾಗದ ಹಾಗೆ ನೋಡಿಕೊಳ್ಳಿ.

ಲೋಡ್ ಬಿದ್ದ ಕ್ಷಣ ಇಡೀ ಮೆಷಿನ್ ಸತ್ತರೆ, ಅದರಲ್ಲೂ ಹಿಂದಿನ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಮತ್ತೆ ಆನ್ ಆದರೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಂಡಿದೆ. ಸ್ಕ್ರೀನ್ ಕಪ್ಪಾಗಿ ಫ್ಯಾನ್ ತಿರುಗುತ್ತಲೇ ಇದ್ದರೆ ಡ್ರೈವರ್, ಕಾರ್ಡ್, ಸಡಿಲ ಕೇಬಲ್ ಕಡೆ ಮೊದಲು ನೋಡಿ. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡರೆ ಮೆಷಿನ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅರ್ಥ, ತಪ್ಪು ಯಾರದ್ದು ಅಂತ ಅದು ಹೇಳುವುದಿಲ್ಲ. ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತುಬಿಡಿ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನುವ ಕುತೂಹಲ ಬೇಡ.

ಅಕ್ಕನ ಮಗ ಕೊನೆಗೆ 550ರ ಬದಲು 650ರದ್ದೇ ತಂದ, ಮುಂದೆ 4070 ಹಾಕುವ ಆಸೆ ಇದೆಯಂತೆ. ಅರ್ಧ ಗಂಟೆ ಓಡಿಸಿದೆವು. ಮೀಟರ್ 11.9ರ ಕೆಳಗೆ ಇಳಿಯಲಿಲ್ಲ. ಹಳೇ ಡಬ್ಬಿಯ ಲೇಬಲ್ ಮೇಲೆ 500 ಹೊಡೆದು ಹಾಕಿ, ಪೆನ್ನಿನಲ್ಲಿ 192 ಅಂತ ಬರೆದಿಟ್ಟಿದ್ದಾನೆ.